ಮಲಗಿಕೊಂಡು ಹೋಗುವ ಸೀಟು

ನಮ್ಮ ಭಾವ ಹುಟ್ಟಿದಾಗಿನಿಂದ ಇಲ್ಲಿಯವರೆಗೆ ಒಂದು ಸಲವೂ ವಿಮಾನದ ಬಿಸಿನೆಸ್ ಕ್ಲಾಸಿನಲ್ಲಿ ಕೂತವರಲ್ಲ. ಆದರೆ ದಿನಾ ಮಲಗುವುದು ಮಾತ್ರ ಬಿಸಿನೆಸ್ ಕ್ಲಾಸಿನ ಪೈಜಾಮದಲ್ಲಿ. ನಿಜವಾಗಿ ಹಾರಿ ಬಂದವನು ಯಾರೋ ತನಗೆ ಪುಕ್ಕಟೆ ಸಿಕ್ಕಿದ್ದನ್ನು ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟಿದ್ದ, ಇವರು ಕೊಂಡುಕೊಂಡರು. ಬೂದು ಬಣ್ಣ, ಎದೆಯ ಮೇಲೆ ಪುಟ್ಟದೊಂದು ರೆಕ್ಕೆ, ಕಾಲು ಎರಡಿಂಚು ಉದ್ದ. ಅದನ್ನು ತೊಟ್ಟು, ಅದರ ಜೊತೆಗೇ ಬಂದ ಕಣ್ಣುಪಟ್ಟಿಯನ್ನು ಹಣೆಗೇರಿಸಿಕೊಂಡು, ಹಜಾರದ ಒರಗು ಕುರ್ಚಿಯನ್ನು ಪೂರ್ತಿ ಹಿಂದಕ್ಕೆ ಬಾಗಿಸಿ, "ಇದು ಬರೀ ನೂರಾ ಅರವತ್ತು ಡಿಗ್ರಿ. ಅಲ್ಲಿ ನೂರಾ ಎಂಬತ್ತು ಬರುತ್ತೆ, ಗೊತ್ತಾ?" ಅನ್ನುತ್ತಾರೆ. ನಾನು ಈ ಮನುಷ್ಯನಿಗೆ ಬಹುವಚನ ಕೊಡುತ್ತಿರುವುದು ಅಕ್ಕನ ಮುಖ ನೋಡಿಕೊಂಡು. ಅವಳಿಲ್ಲದಿದ್ದರೆ ಕೊಡಬೇಕಾದ್ದೇ ಬೇರೆ ಇತ್ತು.

ಭಾವ ಲಿಫ್ಟ್ ರಿಪೇರಿ ಕಂಪನಿಯೊಂದರ ಗೋದಾಮು ನೋಡಿಕೊಳ್ಳುತ್ತಾರೆ. ಉಕ್ಕಿನ ಹಗ್ಗ, ನಂಬರಿನ ಗುಂಡಿಗಳು, ಬಾಗಿಲ ರಬ್ಬರು, ಗ್ರೀಸಿನ ಡಬ್ಬ, ಇವುಗಳ ನಡುವೆ ಒಂದು ಕಬ್ಬಿಣದ ಮೇಜು. ಮೇಜಿನ ಗಾಜಿನ ಕೆಳಗೆ ವಿಮಾನದ ಸೀಟುಗಳ ನಕ್ಷೆ. ಯಾವ ವಿಮಾನದ ಯಾವ ಸಾಲಿನಲ್ಲಿ ಕಿಟಕಿ ಸೀಟಿಗೆ ಕಿಟಕಿಯೇ ಇಲ್ಲ, ಯಾವ ಸೀಟಿಗೆ ಅಡುಗೆಯ ಗಾಡಿಯ ಸದ್ದು ಕೇಳುತ್ತದೆ, ಯಾವುದರಲ್ಲಿ ಕಾಲು ಪೂರ್ತಿ ಚಾಚಬಹುದು, ಎಲ್ಲ ಬಾಯಿಪಾಠ. ಸ್ವಂತ ಹೆಂಡತಿಗೆ ಯಾವ ಮಂಡಿ ನೋವು, ಎಡದ್ದೋ ಬಲದ್ದೋ ಅಂತ ಕೇಳಿ ನೋಡಿ. "ಕಾಲು" ಅನ್ನುತ್ತಾರೆ.

ಹನ್ನೊಂದು ವರ್ಷದಿಂದ ಇದೇ ಹುಚ್ಚು. ಕ್ರೆಡಿಟ್ ಕಾರ್ಡಿನಲ್ಲಿ ಖರ್ಚು ಮಾಡಿದರೆ ಪಾಯಿಂಟು ಬರುತ್ತದೆ, ಪಾಯಿಂಟು ಸೇರಿದರೆ ವಿಮಾನದಲ್ಲಿ ಮುಂದಿನ ಸೀಟು ಸಿಗುತ್ತದೆ, ಅಷ್ಟೇ ಸಂಗತಿ. ಅಷ್ಟಕ್ಕೆ ಈ ಮನುಷ್ಯ ಬೀದಿಯವರ ಕರೆಂಟು ಬಿಲ್ಲನ್ನೆಲ್ಲ ತಮ್ಮ ಕಾರ್ಡಿನಲ್ಲಿ ಕಟ್ಟಿ, ಮನೆಮನೆ ಬಾಗಿಲಿಗೆ ಹೋಗಿ ನಗದು ಇಸಿದುಕೊಂಡು ಬರುತ್ತಿದ್ದರು. ಹೋಟೆಲಿನಲ್ಲಿ ನಾಲ್ಕು ಜನ ಊಟಕ್ಕೆ ಕೂತರೆ ಬಿಲ್ಲು ಬರುವ ಮೊದಲೇ ಕಾರ್ಡು ಮೇಜಿನ ಮೇಲೆ. ಆಹಾ, ಎಂಥ ಧಾರಾಳಿ ಅಂದುಕೊಳ್ಳುವಷ್ಟರಲ್ಲಿ ಕೈ ಚಾಚುತ್ತಿದ್ದರು. ನೆಲ ಒರೆಸುವ ದ್ರಾವಣಕ್ಕೆ ಐದು ಪಟ್ಟು ಪಾಯಿಂಟು ಅಂತ ಒಮ್ಮೆ ನಲವತ್ತು ಡಬ್ಬ ತಂದರು. ಅಕ್ಕನ ಮನೆ ಆರು ವರ್ಷ ಆಸ್ಪತ್ರೆಯ ಹಾಗೆ ನಾರುತ್ತಿತ್ತು. ನನ್ನದು ಕನ್ನಡಕದ ಅಂಗಡಿ. ನಾನು ಲೆನ್ಸ್ ತರಿಸುವ ದಿನ ಗೊತ್ತುಮಾಡಿಕೊಂಡು ಬಂದು, "ನಾನೇ ಕೊಡ್ತೀನಿ, ನೀನು ನನಗೆ ಕೊಡು" ಅಂತ ನಿಲ್ಲುತ್ತಿದ್ದರು. ಅಮ್ಮ ಕುಸಿದು ಬಿದ್ದ ದಿನ ಅಕ್ಕ ನಾನು ಇಬ್ಬರೂ ಸ್ಟ್ರೆಚರ್ ಹಿಡಿದು ಓಡುತ್ತಿದ್ದರೆ ಇವರು ಕೌಂಟರಿನಲ್ಲಿ, "ಆಸ್ಪತ್ರೆಗೆ ಯಾವ ಕಾರ್ಡಲ್ಲಿ ಜಾಸ್ತಿ ಬರುತ್ತೆ, ಒಂದ್ನಿಮಿಷ ನೋಡ್ತೀನಿ ತಾಳಿ" ಅನ್ನುತ್ತಿದ್ದರು. ಅಮ್ಮ ಆಮೇಲೆ ಚೇತರಿಸಿಕೊಂಡು ಎರಡು ವರ್ಷ ಬದುಕಿದಳು. ಆದರೆ ಆ ಒಂದು ನಿಮಿಷವನ್ನು ನಾನು ಮರೆತಿಲ್ಲ.

ಇಷ್ಟೆಲ್ಲ ಕೂಡಿಟ್ಟಿದ್ದು ಅಕ್ಕನ ಹೆಸರಿನಲ್ಲಿ. ಪ್ರೀತಿಯಿಂದಲ್ಲ ಬಿಡಿ. ಶುರುವಿನಲ್ಲಿ ವಿಮಾನದ ಕಂಪನಿ ತನ್ನ ಪಾಯಿಂಟಿನ ಯೋಜನೆಗೆ ಹೊಸದಾಗಿ ಸೇರುವವರಿಗೆ ಒಂದಿಷ್ಟು ಪಾಯಿಂಟು ಪುಕ್ಕಟೆ ಕೊಡುತ್ತಿತ್ತು. ಭಾವ ಒಮ್ಮೆ ಸೇರಿದರು, ಆಮೇಲೆ ಇನಿಷಿಯಲ್ಲನ್ನು ಹಿಂದೆ ಮುಂದೆ ಮಾಡಿ ಇನ್ನೊಮ್ಮೆ ಸೇರಿದರು, ಅಪ್ಪನ ಹೆಸರು ಸೇರಿಸಿ ಮೂರನೇ ಸಲ ಸೇರಿದರು. ಕಂಪನಿಯವರು ಹಿಡಿದುಹಾಕಿ ಮೂರನ್ನೂ ಮುಚ್ಚಿದರು, ಇನ್ನು ಈ ಆಸಾಮಿಗೆ ನಮ್ಮಲ್ಲಿ ಖಾತೆಯೇ ಇಲ್ಲ ಅಂತ ಪತ್ರ ಬರೆದರು. ಅಂದಿನಿಂದ ಎಲ್ಲವೂ ಅಕ್ಕನ ಖಾತೆಗೆ. ಪಾಸ್‌ವರ್ಡು ಇವರ ತಲೆಯಲ್ಲಿ, ಓಟಿಪಿ ಬರುವುದು ಮಾತ್ರ ಅವಳ ಫೋನಿಗೆ. ಅಕ್ಕ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದಿನವಿಡೀ ನಿಂತು ಜನರ ತೋಳಿನಿಂದ ರಕ್ತ ತೆಗೆದು, ಮನೆಗೆ ಬಂದು ಒಲೆ ಮುಂದೆ ನಿಂತರೆ ಹಜಾರದಿಂದ ಕೂಗು: "ಓಟಿಪಿ ಬಂತಾ?" ಅವಳು ಕೈ ಒರೆಸಿಕೊಂಡು ಆರು ಅಂಕಿ ಓದಿ ಹೇಳಬೇಕು. ಹನ್ನೊಂದು ವರ್ಷ ಓದಿ ಹೇಳಿದಳು.

"ಒಂದ್ಸಲ ಆದ್ರೂ ಬಳಸಿಬಿಡ್ರೀ" ಅಂತ ಅವಳು ಅಂದದ್ದುಂಟು. ಭಾವ ನಗುತ್ತಿದ್ದರು, ಮಗು ಏನೋ ಪೆದ್ದು ಪ್ರಶ್ನೆ ಕೇಳಿತು ಅನ್ನುವ ಹಾಗೆ. "ಪಾಯಿಂಟನ್ನ ಹಿಂದಿನ ಸೀಟಿಗೆ ಹಾಕೋರು ಮೂರ್ಖರು. ಹದಿನಾರು ಗಂಟೆ ಹಾರೋ ವಿಮಾನ, ಮಲಗಿಕೊಂಡು ಹೋಗೋ ಸೀಟು, ಕಡಿಮೆ ದರ. ಈ ಮೂರೂ ಒಟ್ಟಿಗೆ ಬಂದಾಗ ಮಾತ್ರ ಮುಟ್ಟಬೇಕು." ಮೂರೂ ಒಟ್ಟಿಗೆ ಬಂದದ್ದೂ ಉಂಟು, ನಾಲ್ಕೈದು ಸಲ. ಪ್ರತಿ ಸಲವೂ ಇವರು ಇನ್ನೂ ಒಳ್ಳೆಯದು ಬರುತ್ತದೆ ಅಂತ ಬಿಟ್ಟುಕೊಟ್ಟರು. ವೀಸಾ ಮಾತ್ರ ಇಬ್ಬರಿಗೂ ಹತ್ತು ವರ್ಷದ್ದು ಮಾಡಿಸಿಟ್ಟಿದ್ದರು. ಅವರು ಮಾಡಿದ ಒಂದೇ ಒಂದು ಒಳ್ಳೆ ಕೆಲಸ ಅದು, ಅದೂ ತಿಳಿಯದೆ ಮಾಡಿದ್ದು.

ಹದಿನಾರು ಗಂಟೆ ಹಾರಿದರೆ ಸಿಗುವ ಆ ದೇಶದಲ್ಲಿ ನಮ್ಮ ಅಣ್ಣ ಇದ್ದಾನೆ. ನಮ್ಮಿಬ್ಬರಿಗಿಂತ ದೊಡ್ಡವನು. ಇಪ್ಪತ್ತೆರಡು ವರ್ಷದ ಹಿಂದೆ ಹೋಗಿ ಬ್ರೆಡ್ಡಿನ ಕಾರ್ಖಾನೆಯೊಂದರ ಭಟ್ಟಿಯ ಮುಂದೆ ನಿಂತವನು ಇನ್ನೂ ಅಲ್ಲೇ ನಿಂತಿದ್ದಾನೆ. ಮದುವೆಯಿಲ್ಲ, ಮಕ್ಕಳಿಲ್ಲ. ಅಪ್ಪ ಹೋದ ಮೇಲೆ ನಮ್ಮನ್ನು ಓದಿಸಿದ್ದು ಅವನು. ಮಹಾ ಮಾತುಗಾರ. ಬೀದಿಯ ತುದಿಯಲ್ಲಿ ಅವನು ಬಾಯಿ ಬಿಟ್ಟರೆ ಮನೆಯಲ್ಲಿ ಅಮ್ಮ ತಟ್ಟೆ ಹಾಕುತ್ತಿದ್ದಳು. ಅಕ್ಕನಿಗೆ ಚಿಕ್ಕಂದಿನಲ್ಲಿ ಕತ್ತಲೆಂದರೆ ಪ್ರಾಣಭಯ. ಅವಳಿಗೆ ನಿದ್ದೆ ಹತ್ತುವ ತನಕ ಅಣ್ಣ ಗೋಡೆಯ ಆಚೆಯಿಂದ ಬಾಯಿಗೆ ಬಂದದ್ದೆಲ್ಲ ಮಾತಾಡುತ್ತಲೇ ಇರುತ್ತಿದ್ದ. ಒಂಬತ್ತು ವರ್ಷದಿಂದ ಅವನು ಬಂದಿರಲಿಲ್ಲ. ಭಾನುವಾರದ ಫೋನೇ ಗತಿಯಾಗಿತ್ತು.

ಈ ವರ್ಷ ಅವನ ದನಿ ಒಡೆಯಿತು. ಶೀತ ಅಂದ, ಹಿಟ್ಟಿನ ಧೂಳು ಅಂದ. ಕೊನೆಗೊಂದು ಶನಿವಾರ, ಗಂಟಲಲ್ಲಿ ಗಡ್ಡೆ, ದನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ ಅಂದ. "ಪ್ರಾಣಕ್ಕೇನಿಲ್ಲ ಕಣ್ರೇ. ಮಾತು ಹೋಗುತ್ತೆ ಅಷ್ಟೇ. ಇಷ್ಟು ವರ್ಷ ಆಡಿದ್ದು ಸಾಕಾಗಿಲ್ವಾ?" ಆಪರೇಷನ್ನು ಮುಂದಿನ ವಾರ ಬಿಟ್ಟು ಅದರ ಮುಂದಿನ ಗುರುವಾರ. ಅಂದರೆ ಹನ್ನೆರಡು ದಿನ. ಅಕ್ಕ ಫೋನಿಟ್ಟು ನನಗೆ ಹೇಳಿದ್ದು ಒಂದೇ ಮಾತು: "ಅವನ ಮಾತು ಹೋಗೋ ಮುಂಚೆ ನಾನು ಅವನ ಎದುರು ಕೂತಿರ್ಬೇಕು."

ಭಾವನ ಕಣ್ಣು ಮಿಂಚಿತು. ನಿಜ ಹೇಳುತ್ತೇನೆ, ಮಿಂಚಿತು. ಹನ್ನೊಂದು ವರ್ಷಕ್ಕೆ ಒಂದು ಕಾರಣ ಸಿಕ್ಕಿತ್ತಲ್ಲ. ಲ್ಯಾಪ್‌ಟಾಪ್ ತೆಗೆದು ಕೂತರು. ಮೊದಲ ವಾರ ಹಿಂದಿನ ಎರಡು ಸೀಟು ಕಡಿಮೆ ದರಕ್ಕೆ ಕಾಣಿಸಿದವು. ಅಕ್ಕ, "ತಗೊಂಡ್ಬಿಡಿ" ಅಂದಳು. "ಹುಚ್ಚಾ ನಿಂಗೆ? ಇದನ್ನ ತಗೊಂಡ್ರೆ ಮುಂದಕ್ಕೆ ಹಾಕ್ತಾರೆ ಅನ್ನೋ ಗ್ಯಾರಂಟಿ ಇಲ್ಲ. ಹಿಂದೆ ಕೂತು ಸಾಯಬೇಕಾಗುತ್ತೆ." ಮಾರನೆಯ ದಿನ ಆ ಸೀಟುಗಳೂ ಹೋದವು. ಆಮೇಲೆ ಉಳಿದದ್ದು ದುಬಾರಿ ದರ ಮಾತ್ರ: ಯಾವ ಸೀಟಾದರೂ ಸಿಗುತ್ತದೆ, ಆದರೆ ನಾಲ್ಕು ಪಟ್ಟು ಪಾಯಿಂಟು ಬೇಡುತ್ತದೆ. ಅದರ ಹೆಸರೆತ್ತಿದರೆ ಭಾವ ಕಿವಿ ಮುಚ್ಚಿಕೊಳ್ಳುತ್ತಿದ್ದರು. ದುಡ್ಡು ಕೊಟ್ಟು ಟಿಕೆಟ್ ತೆಗೆಯೋಣ ಅಂದರೆ, "ಪಾಯಿಂಟ್ ಇಟ್ಕೊಂಡು ದುಡ್ಡು ಕೊಡೋದಾ? ಜನ ಉಗೀತಾರೆ." ಯಾವ ಜನವೋ. ನನ್ನ ಕೈಯಲ್ಲೂ ಅಷ್ಟು ಇರಲಿಲ್ಲ, ಇದ್ದದ್ದನ್ನೆಲ್ಲ ಲೆನ್ಸ್ ಕತ್ತರಿಸುವ ಹೊಸ ಯಂತ್ರಕ್ಕೆ ಸುರಿದಿದ್ದೆ.

ಭಾನುವಾರ ಬೆಳಿಗ್ಗೆ ನಾನು ಅವರ ಮನೆಗೆ ಹೋದೆ. ಆಪರೇಷನ್ನಿಗೆ ಉಳಿದದ್ದು ನಾಲ್ಕು ದಿನ. ಭಾವ ಪೈಜಾಮದಲ್ಲೇ ಇದ್ದರು.

"ಏನಾಯ್ತು ಭಾವ?"

"ಶನಿವಾರದ ಮೇಲೆ ಓಪನ್ ಆಗೋ ಲಕ್ಷಣ ಇದೆ. ಎರಡು ಸೀಟು, ಮಲಗೋದು, ಕಡಿಮೆ ದರ."

"ಆಪರೇಷನ್ನು ಗುರುವಾರ."

"ಆಪರೇಷನ್ ಆದ್ಮೇಲೆ ನಿಮ್ಮಣ್ಣ ಏನು ಓಡಿ ಹೋಗ್ತಾರಾ? ಅಲ್ಲೇ ಇರ್ತಾರಲ್ಲ, ಆರಾಮಾಗಿ ನೋಡಬಹುದು."

"ಮಾತಾಡೋಕಾಗಲ್ವಲ್ರೀ ಆಮೇಲೆ" ಅಂದಳು ಅಕ್ಕ.

"ಅದಕ್ಕೇನಂತೆ? ಈಗಲೇ ಫೋನ್ ಮಾಡು, ಎಷ್ಟು ಬೇಕೋ ಅಷ್ಟು ಮಾತಾಡ್ಸಿ ರೆಕಾರ್ಡ್ ಮಾಡ್ಕೋ. ಬೇಕಾದಾಗ ಕೇಳಬಹುದು. ಇನ್ನೂ ಅನುಕೂಲ."

ಥೂ, ಇಂಥವರ ಬಾಯಿಗೆ ಏನು ಹೇಳೋಣ! ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಚಪ್ಪಲಿ ಮೆಟ್ಟಿಕೊಂಡು, "ಕನ್ನಡಕದ ಕಾಲು ಸಡಿಲ ಆಗಿದೆ, ಸರಿ ಮಾಡಿಸ್ಕೊಂಡು ಬರ್ತೀನಿ" ಅಂದಳು. ಭಾವ ತಲೆಯಾಡಿಸಿ ಮತ್ತೆ ಪರದೆಯ ಕಡೆ ತಿರುಗಿದರು.

ಅಂಗಡಿಗೆ ಭಾನುವಾರ ರಜೆ. ಷಟರ್ ಅರ್ಧ ಎತ್ತಿ ಒಳಗೆ ಹೋದೆವು. ಅಕ್ಕ ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತು ಕಂಪ್ಯೂಟರ್ ಹಾಕು ಅಂದಳು. ಕನ್ನಡಕದ ಕಾಲು ಗಟ್ಟಿಯಾಗೇ ಇತ್ತು.

"ಪಾಸ್‌ವರ್ಡ್ ಗೊತ್ತಾ?" ಅಂದೆ.

"ಇಲ್ಲ. ಮರೆತಿದೀನಿ ಅಂತ ಒತ್ತು. ಓಟಿಪಿ ನನ್ನ ಫೋನಿಗೇ ತಾನೇ ಬರೋದು."

ಬಂತು. ಆರು ಅಂಕಿ. ಅವಳು ಎಂದಿನ ಹಾಗೆ ಜೋರಾಗಿ ಓದಿದಳು, ಆಮೇಲೆ ತಾನೇ ಬೆಚ್ಚಿ ಬಾಗಿಲ ಕಡೆ ನೋಡಿ ನಕ್ಕಳು. ಖಾತೆ ತೆರೆಯಿತು. ನಾಲ್ಕು ಲಕ್ಷದ ಹನ್ನೆರಡು ಸಾವಿರ ಪಾಯಿಂಟು. ಸೋಮವಾರ ಬೆಳಗಿನ ವಿಮಾನದಲ್ಲಿ ಒಂದು ಸೀಟಿತ್ತು, ದುಬಾರಿ ದರದ್ದು, ಕೊನೆಯ ಸಾಲಿನಲ್ಲಿ, ಮೂರರ ನಡುವಿನದು, ಹಿಂದೆ ಶೌಚಾಲಯ. ಹೋಗಿ ಬರುವುದಕ್ಕೆ ನಾಲ್ಕು ಲಕ್ಷದ ಹನ್ನೊಂದು ಸಾವಿರ.

"ಅಕ್ಕಾ, ಪೂರ್ತಿ ಹೋಗುತ್ತೆ ಕಣೇ."

"ಹೋಗ್ಲಿ. ನಾನು ಓದಿ ಹೇಳಿದ್ದೇ ತಾನೇ."

"ನಿನ್ನ ಮಂಡಿ? ಹದಿನಾರು ಗಂಟೆ..."

"ಮಂಡಿ ದಿನಾ ನೋಯುತ್ತೆ. ಒತ್ತೇ ನೀನು."

ಒತ್ತಿದೆ. ಜೀವನದಲ್ಲಿ ಇಷ್ಟು ಸಂತೋಷದಿಂದ ನಾನು ಇನ್ನೊಬ್ಬರ ಗಂಟು ಕರಗಿಸಿದ್ದಿಲ್ಲ. ಉಳಿದದ್ದು ಒಂದು ಸಾವಿರ ಪಾಯಿಂಟು. ಅದಕ್ಕೆ ಸೂಟ್‌ಕೇಸಿಗೆ ಕಟ್ಟುವ ಹೆಸರಿನ ಚೀಟಿ ಬರುತ್ತದೆ ಅಂತ ಪರದೆ ತೋರಿಸಿತು. ಅಕ್ಕ ಫೋನ್ ಆಫ್ ಮಾಡಿ ಬ್ಯಾಗಿಗೆ ಹಾಕಿದಳು. ಅಲ್ಲಿಂದ ನನ್ನ ಮನೆಗೆ ಹೋಗಿ ನನ್ನ ಬಟ್ಟೆಗಳನ್ನೇ ತುಂಬಿಕೊಂಡಳು. ಪಾಸ್‌ಪೋರ್ಟ್ ಅವಳ ಕೈಚೀಲದಲ್ಲೇ ಇತ್ತು, ಅಣ್ಣ ಸುದ್ದಿ ಹೇಳಿದ ಶನಿವಾರದಿಂದಲೇ.

ಆದರೆ ನಾವು ಒಂದನ್ನು ಮರೆತಿದ್ದೆವು. ಟಿಕೆಟ್ಟಿನ ಇಮೇಲ್ ಹೋದದ್ದು ಭಾವನಿಗೆ. ಮಧ್ಯಾಹ್ನ ನಾನು ಅಂಗಡಿಯ ಷಟರ್ ಎಳೆಯಲು ವಾಪಸ್ ಬಂದರೆ ಈ ಮನುಷ್ಯ ಅದೇ ಬೂದು ಪೈಜಾಮದಲ್ಲಿ, ಸ್ನಾನದ ಮನೆಯ ಚಪ್ಪಲಿಯಲ್ಲಿ, ಮೂರು ಬೀದಿ ಓಡಿ ಬಂದು ಏದುಸಿರು ಬಿಡುತ್ತ ನಿಂತಿದ್ದಾರೆ. ಹೆಂಡತಿ ಎಲ್ಲಿ ಅಂತ ಕೇಳಲಿಲ್ಲ. ಯಾವಾಗ ಹೊರಡುತ್ತಾಳೆ ಅಂತ ಕೇಳಲಿಲ್ಲ.

"ಯಾವ ದರಕ್ಕೆ ತಗೊಂಡ್ಲು?"

"ದುಬಾರಿ ದರಕ್ಕೆ."

"ಹಿಂದಿನ ಸೀಟಾ?"

"ಕಕ್ಕಸಿನ ಪಕ್ಕದ್ದು."

ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ದೊಪ್ಪನೆ ಕೂತರು. ಎದುರಿನ ಅಕ್ಷರದ ಬೋರ್ಡನ್ನು ನೋಡುತ್ತ ಅತ್ತರು. ಹೌದು, ಅತ್ತರು, ಅಮ್ಮ ಸತ್ತಾಗ ಅಳದವರು. ಆಮೇಲೆ ದಡಬಡಿಸಿ ಎದ್ದು, ಇಪ್ಪತ್ತನಾಲ್ಕು ಗಂಟೆಯೊಳಗೆ ರದ್ದು ಮಾಡಿದರೆ ಪಾಯಿಂಟು ವಾಪಸ್ ಬರುತ್ತದೆ ಅಂದರು. ನನ್ನೆದುರಿಗೇ ಕಂಪನಿಗೆ ಫೋನ್ ಹಚ್ಚಿದರು. ಖಾತೆಯವರೇ ಮಾತಾಡಬೇಕು ಅಂದಳು ಆ ಕಡೆಯ ಹುಡುಗಿ. ಭಾವ ಗಂಟಲು ಸರಿಮಾಡಿಕೊಂಡು ಹೆಣ್ಣುದನಿ ತೆಗೆದರು.

"ಹಲೋ, ನಾನೇ ಮಾತಾಡ್ತಿರೋದು. ಟಿಕೆಟ್ ತಪ್ಪಿ ಬುಕ್ ಆಗಿದೆ."

ಐವತ್ತೈದು ವರ್ಷದ ಗಂಡಸು, ನರೆತ ಮೀಸೆ, ಎದೆಯ ಮೇಲೆ ರೆಕ್ಕೆ! ನಾನು ಲೆನ್ಸಿನ ಪೆಟ್ಟಿಗೆ ಹಿಡಿದುಕೊಂಡು ಹಲ್ಲು ಕಚ್ಚಿ ನಗು ತಡೆದೆ. ಆ ಹುಡುಗಿ ಪಾಪ ಬಹಳ ಮರ್ಯಾದಸ್ಥೆ. "ಸರಿ ಮೇಡಂ, ನಿಮ್ಮ ಫೋನಿಗೆ ಓಟಿಪಿ ಕಳಿಸಿದೀನಿ, ಓದಿ ಹೇಳಿ" ಅಂದಳು. ಭಾವ ಫೋನ್ ಕೆಳಗಿಳಿಸಿ ನನ್ನ ಮುಖ ನೋಡಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರಿಗೆ ಹೆಂಡತಿ ಬೇಕಾಗಿದ್ದಳು.

ಅಕ್ಕ ಸೋಮವಾರ ಹಾರಿದಳು, ಮಂಗಳವಾರ ಇಳಿದಳು. ಮಂಡಿ ಊದಿಕೊಂಡು ಗಾಲಿಕುರ್ಚಿಯಲ್ಲಿ ಹೊರಗೆ ಬಂದಳಂತೆ. ಅಣ್ಣ ಅಲ್ಲೇ ನಿಂತು, ಆ ಒಡಕು ದನಿಯಲ್ಲೇ ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ ಅವಳ ಹೆಸರು ಕೂಗಿದನಂತೆ. ಎರಡು ದಿನ ಅವರು ಏನು ಮಾತಾಡಿದರು ಅಂತ ಅಕ್ಕ ಪೂರ್ತಿ ಹೇಳಿಲ್ಲ, ನಾನೂ ಕೇಳಿಲ್ಲ. ರಾತ್ರಿ ಅವನ ಒಂದೇ ಕೋಣೆಯ ಮನೆಯಲ್ಲಿ ಅವಳು ಮಂಚದ ಮೇಲೆ, ಅವನು ಅಡುಗೆಮನೆಯಲ್ಲಿ ಹಾಸಿಕೊಂಡು, ಗೋಡೆಯ ಆಚೆಯಿಂದ ಮಾತಾಡಿದ ಅಂತ ಮಾತ್ರ ಹೇಳಿದಳು.

ಅಕ್ಕ ಅವನಿಗೊಂದು ಸುಳ್ಳು ಹೇಳಿದ್ದಳು. "ಅವರೇ ಇದ್ದಬದ್ದ ಪಾಯಿಂಟೆಲ್ಲ ಹಾಕಿ ಕಳಿಸಿದ್ರು" ಅಂತ. ಗಂಡನ ಮಾನ ಕಾಪಾಡುವ ಚಟ, ಇನ್ನೇನು! ಅಣ್ಣ ಅದನ್ನು ನಂಬಿದ. ಬುಧವಾರ ಸಂಜೆ ಆಸ್ಪತ್ರೆಗೆ ಸೇರಿದ ಮೇಲೆ ಡಾಕ್ಟರು, ಇನ್ನು ಹೆಚ್ಚು ಮಾತು ಬೇಡ, ನೋವಾಗುತ್ತದೆ ಅಂದಿದ್ದರು. ಆದರೂ ಅಣ್ಣ, "ಭಾವನಿಗೊಂದು ಫೋನ್ ಹಚ್ಚು, ನನ್ನ ಬಾಯಿಂದಲೇ ಥ್ಯಾಂಕ್ಸ್ ಹೇಳ್ಬೇಕು" ಅಂದ. ಅಕ್ಕ ಬೇಡ ಅಂದರೂ ಕೇಳಲಿಲ್ಲ.

ಹನ್ನೊಂದು ನಿಮಿಷದ ಫೋನು. ಅಣ್ಣ ಎರಡು ಮಾತು ಆಡಿದ, ಆಮೇಲೆ ಬರೀ ಕೇಳಿದ. ದುಬಾರಿ ದರ, ಕಡಿಮೆ ದರ, ಒಂದು ಪಾಯಿಂಟಿನ ಬೆಲೆ, ಹಿಂದಿನ ಸೀಟು, ಹನ್ನೊಂದು ವರ್ಷ, ನಿಮ್ಮ ತಂಗಿ ನನಗೆ ಮಾಡಿದ ಮೋಸ, ಎಲ್ಲ. ಅಕ್ಕನಿಗೆ ಆ ಕಡೆಯ ದನಿ ಸೊಳ್ಳೆಯ ಹಾಗೆ ಕೇಳುತ್ತಿತ್ತಂತೆ. ನಾಳೆ ಇಷ್ಟೊತ್ತಿಗೆ ಗಂಟಲೇ ಇಲ್ಲದವನು, ಇದ್ದ ಚೂರು ಹೊತ್ತನ್ನು ಅದಕ್ಕೆ ಕಿವಿಗೊಟ್ಟು ಕಳೆದ. ಫೋನಿಟ್ಟು ಅಕ್ಕನ ಕಡೆ ತಿರುಗಿದ. ಬೈಯುತ್ತಾನೆ ಅಂದುಕೊಂಡಳಂತೆ ಅವಳು.

"ಕದ್ದು ಬಂದ್ಯೇನೇ?"

"ಹೂಂ."

"ಎಲ್ಲಾನೂ?"

"ಸೂಟ್‌ಕೇಸ್ ಚೀಟಿಗಾಗುವಷ್ಟು ಬಿಟ್ಟಿದೀನಿ."

ಅಣ್ಣ ನಕ್ಕ ನಗುವಿಗೆ ಕೆಮ್ಮು ಹತ್ತಿ ನರ್ಸು ಓಡಿ ಬಂದಳಂತೆ. "ಕಳ್ಳಿ" ಅಂದನಂತೆ, "ಕಳ್ಳಿ, ಕಳ್ಳಿ." ಮಾರನೆಯ ಬೆಳಿಗ್ಗೆ ಥಿಯೇಟರಿನ ಬಾಗಿಲಲ್ಲಿ ಅವನು ಕೊನೆಯದಾಗಿ ಆಡಿದ್ದೂ ಅದೇ. "ಬರ್ತೀನಿ ಕಳ್ಳಿ."

ಅಣ್ಣ ಈಗ ಚೆನ್ನಾಗಿದ್ದಾನೆ. ಸ್ಲೇಟಿನಲ್ಲಿ ಬರೆದು ತೋರಿಸುತ್ತಾನೆ, ಭಾನುವಾರ ವಿಡಿಯೋದಲ್ಲಿ ಕೈಬಾಯಿ ಆಡಿಸಿ ನಮ್ಮನ್ನು ನಗಿಸುತ್ತಾನೆ. ಅಕ್ಕ ತಿಂಗಳಿದ್ದು ವಾಪಸ್ ಬಂದಳು. ಭಾವ ಬಾಗಿಲಲ್ಲೇ ಕೇಳಿದರಂತೆ: "ರೆಕಾರ್ಡಾದ್ರೂ ಮಾಡ್ಕೊಂಡ್ಯಾ?" ಇಲ್ಲ ಅಂದಳು. "ಮತ್ತೆ ಅಷ್ಟು ಸುರಿದು ಏನು ಸಿಕ್ತು ನಿಂಗೆ?" ಅಕ್ಕ ಒಳಗೆ ಹೋಗಿ ಕೈಕಾಲು ತೊಳೆದುಕೊಂಡಳು. ಅವಳು ಮಾಡಿದ್ದು ಇಷ್ಟೇ: ಆ ಖಾತೆಗೆ ಇದ್ದ ತನ್ನ ಫೋನ್ ನಂಬರನ್ನು ತೆಗೆದು ನನ್ನ ನಂಬರು ಹಾಕಿದಳು.

ಹೋದ ವಾರ ಭಾವ ಅಂಗಡಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಫಾರಂ. ನನ್ನೆದುರು ಹಲ್ಲು ಕಿರಿದರು.

"ನಿನ್ನ ಹೆಸರಲ್ಲಿ ಹೊಸದೊಂದು ಖಾತೆ ತೆಗೀಲಾ? ಸೇರೋವಾಗ ಚೆನ್ನಾಗಿ ಕೊಡ್ತಿದಾರೆ. ನೀನು ಏನೂ ಮಾಡ್ಬೇಕಾಗಿಲ್ಲ, ಓಟಿಪಿ ಬಂದ್ರೆ ಓದಿ ಹೇಳೋದು ಅಷ್ಟೇ."

ನಾನು ಲೆನ್ಸ್ ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟೆ.

"ಒಂದು ಕೇಳ್ತೀನಿ ಭಾವ, ಹೇಳಿ. ಆಪರೇಷನ್ ಹಿಂದಿನ ದಿನ ಅಣ್ಣ ಫೋನ್ ಮಾಡಿದ್ನಲ್ಲ, ಏನು ಹೇಳಿದ?"

ಭಾವ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಹುಬ್ಬು ಗಂಟಿಕ್ಕಿ, ಮೇಲೆ ನೋಡಿ.

"ಏನೋ ಥ್ಯಾಂಕ್ಸ್ ಅಂದ್ರು ಅನ್ಸುತ್ತೆ. ಯಾಕೆ ಅಂತ ನಾನು ಕೇಳ್ಲಿಲ್ಲ. ದನಿ ಬೇರೆ ಸರಿಯಾಗಿ ಕೇಳಿಸ್ತಿರಲಿಲ್ಲ" ಅಂದರು. ಆಮೇಲೆ ಫಾರಮ್ಮನ್ನು ಗಾಜಿನ ಮೇಲೆ ನನ್ನ ಕಡೆಗೆ ಸರಿಸಿ, ಸಹಿ ಹಾಕುವ ಜಾಗಕ್ಕೆ ಬೆರಳಿಟ್ಟು ತೋರಿಸಿದರು.